ಒಂಬತ್ತು ಗಂಟೆಯ ಬಾಗಿಲು

ಬಾಗಿಲು ಕಾಯುವ ಕೆಲಸ ಹೆಂಗಸರಾದ ನಮಗೆ ಹೊಸದೇನಲ್ಲ. ಹಾಲಿನವನಿಗೆ ಹೊಸಿಲ ತನಕ, ಗ್ಯಾಸಿನವನಿಗೆ ಅಡುಗೆಮನೆಯ ತನಕ, ಮೀಟರ್ ನೋಡುವವನಿಗೆ ಜಗಲಿಯ ಮೂಲೆಯ ತನಕ, ಚೀಟಿ ದುಡ್ಡು ಕೇಳಲು ಬಂದವರಿಗೆ "ಇವರು ಊರಲ್ಲಿಲ್ಲ" ಎಂಬ ಉತ್ತರದ ತನಕ. ಯಾರನ್ನು ಎಲ್ಲಿಯವರೆಗೆ ಬಿಡಬೇಕೆಂಬ ಪಟ್ಟಿ ನಮ್ಮ ತಲೆಯಲ್ಲಿ ಎಷ್ಟು ಸಲೀಸಾಗಿ ಕೂತಿರುತ್ತದೆಂದರೆ, ಒಗ್ಗರಣೆ ಹಾಕುತ್ತಲೇ ಕಿಟಕಿಯಿಂದ ಒಂದು ಸಲ ಇಣುಕಿ ತೀರ್ಮಾನ ಮಾಡಿಬಿಡುತ್ತೇವೆ. ಇದೇ ಕೆಲಸವನ್ನು ನಾನು ಹದಿಮೂರು ವರ್ಷ ಕಾಲೇಜಿನಲ್ಲಿಯೂ ಮಾಡಿದೆ. ಅಲ್ಲಿ ಬಾಗಿಲು ಇದ್ದದ್ದು ಒಂದು ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗೆ, ಅಷ್ಟೇ ವ್ಯತ್ಯಾಸ.

ನಾನು ಗಣಿತದ ಉಪನ್ಯಾಸಕಿ. ಮಲೆನಾಡಿನ ಅಂಚಿನ ತಾಲ್ಲೂಕು ಊರಿನ ನಮ್ಮ ಕಾಲೇಜಿಗೆ 2005ರಲ್ಲಿ ಇಂಟರ್ನೆಟ್ ಬಂದಾಗ, ಅದನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಎದ್ದಿತು. "ಗಣಿತ ಬರೋರಿಗೆ ಕಂಪ್ಯೂಟರ್ ಬಂದೇ ಬರುತ್ತೆ" ಎಂದು ಪ್ರಿನ್ಸಿಪಾಲರು ಸಭೆಯಲ್ಲಿ ಹೇಳಿದರು. ಸಂಸ್ಕೃತದವರಿಗೆ ಪೌರೋಹಿತ್ಯ ಬಂದೇ ಬರುತ್ತದೆ ಎಂದ ಹಾಗೆ! ಯಾರೂ ಎದುರಾಡಲಿಲ್ಲ. ನಾನೂ ಆಡಲಿಲ್ಲ. ಬೆಂಗಳೂರಿನಲ್ಲಿ ಒಂದು ವಾರದ ತರಬೇತಿ, ಜೊತೆಗೆ ದಪ್ಪನೆಯ ಒಂದು ಪುಸ್ತಕ, ಎರಡು ನೆಟ್‌ವರ್ಕ್ ಕಾರ್ಡು ಹಾಕಿದ ಒಂದು ಹಳೆಯ ಪೆಟ್ಟಿಗೆ... ಇಷ್ಟರಲ್ಲಿ ನಾನು ಕಾಲೇಜಿನ ಇಂಟರ್ನೆಟ್ಟಿನ ಬಾಗಿಲು ಕಾಯುವವಳಾದೆ. ಒಂದು ಕಾರ್ಡು ಹೊರಗಿನ ಲೋಕದ ಕಡೆಗೆ, ಇನ್ನೊಂದು ನಮ್ಮ ಲ್ಯಾಬು, ಆಫೀಸು, ಹಾಸ್ಟೆಲುಗಳ ಕಡೆಗೆ. ನಡುವೆ ಲಿನಕ್ಸ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆದರಬೇಡಿ, ಹುಳಿಪುಡಿ ಮಾಡುವುದಕ್ಕಿಂತ ಕಷ್ಟದ್ದೇನಲ್ಲ. ಕಂಪ್ಯೂಟರುಗಳು ಒಂದಕ್ಕೊಂದು ಆಡುವ ಮಾತು ಇಡಿಯಾಗಿ ಹೋಗುವುದಿಲ್ಲ, ತುಂಡು ತುಂಡಾಗಿ ಹೋಗುತ್ತದೆ. ಒಂದೊಂದು ತುಂಡಿಗೂ ಪ್ಯಾಕೆಟ್ ಎಂದು ಹೆಸರು. ನಮ್ಮಲ್ಲಿದ್ದಂಥ ತಂತಿಯಲ್ಲಿ ಒಂದು ಪ್ಯಾಕೆಟ್ಟಿಗೆ ಹೆಚ್ಚೆಂದರೆ 1500 ಬೈಟು, ಇಂಗ್ಲಿಷ್ ಪುಸ್ತಕದ ಒಂದು ಪುಟದಷ್ಟೂ ಹಿಡಿಯದು. ಪ್ರತಿ ಪ್ಯಾಕೆಟ್ಟಿನ ನೆತ್ತಿಯ ಮೇಲೂ ಅಂಚೆ ಲಕೋಟೆಯ ಹಾಗೆ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಅಲ್ಲಿ ಯಾವ ನಂಬರಿನ ಬಾಗಿಲು ತಟ್ಟಬೇಕು ಎಂಬುದೆಲ್ಲ ಬರೆದಿರುತ್ತದೆ. ಲಿನಕ್ಸಿನ ನಟ್ಟನಡುವೆ ಕರ್ನಲ್ ಎಂಬ ತಿರುಳಿದೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ಹುಡುಗ ಬರೆಯಲು ತೊಡಗಿದ್ದು ಈ ತಿರುಳನ್ನೇ. ಬಂದ ಪ್ಯಾಕೆಟ್ಟೆಲ್ಲ ಇದರ ಕೈ ಹಾದೇ ಹೋಗಬೇಕು. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಅದಕ್ಕೆ ನಾವು ಸಾಲು ಸಾಲಾಗಿ ಬರೆದುಕೊಡಬಹುದು. ಪೆಟ್ಟಿಗೆಯ ಒಳಕ್ಕೇ ಬರುವವಕ್ಕೆ ಒಂದು ಪಟ್ಟಿ, ಪೆಟ್ಟಿಗೆಯಿಂದಲೇ ಹೊರಡುವವಕ್ಕೆ ಒಂದು ಪಟ್ಟಿ, ಈ ಕಡೆಯಿಂದ ಆ ಕಡೆಗೆ ಹಾದುಹೋಗುವವಕ್ಕೆ ಇನ್ನೊಂದು. ಬರೆಯುವುದು ಐಪಿ ಟೇಬಲ್ಸ್ ಎಂಬ ಆಜ್ಞೆಯಿಂದ.

ಕರ್ನಲ್ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಬಿಡು ಎಂದೋ ಬೇಡ ಎಂದೋ ಹೇಳುವ ಯಾವ ಸಾಲು ಮೊದಲು ಹೊಂದುತ್ತದೋ ಅದೇ ತೀರ್ಪು. ಅದರ ಕೆಳಗೆ ಎಷ್ಟೇ ಒಳ್ಳೆಯ ಸಾಲಿದ್ದರೂ ಓದುವುದೇ ಇಲ್ಲ. ಒಟ್ಟು ಕುಟುಂಬದಲ್ಲಿ ಬಾಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಾವನವರು "ಹೋಗಿ ಬಾಮ್ಮ" ಎಂದು ಹೇಳುವುದಕ್ಕೆ ಮುಂಚೆ ಅತ್ತೆಯವರು "ಬೇಡ" ಎಂದಿದ್ದರೆ ಮುಗಿಯಿತು.

ಶುರುವಿನ ದಿನಗಳಲ್ಲಿ ಒಂದು ಸಂಜೆ ಮನೆಯಲ್ಲಿ ಕೂತು ಫೋನ್ ಲೈನಿನ ಮೂಲಕವೇ ಆ ಪೆಟ್ಟಿಗೆಯೊಳಗೆ ಹೊಕ್ಕು, ಭದ್ರತೆ ಬಿಗಿ ಮಾಡೋಣವೆಂದು ಹೊರಟೆ. "ಪಟ್ಟಿಯಲ್ಲಿ ಹೆಸರಿಲ್ಲದವರನ್ನೆಲ್ಲ ಬಿಸಾಡು" ಎಂಬ ಆಜ್ಞೆಯನ್ನು ಮೊದಲು ಕೊಟ್ಟೆ. "ನನ್ನನ್ನು ಬಿಡು" ಎಂಬ ಸಾಲನ್ನು ಆಮೇಲೆ ಬರೆದರಾಯಿತೆಂದು ನನ್ನ ಎಣಿಕೆ. ಆಮೇಲೆ ಎಲ್ಲಿಂದ ಬರಬೇಕು? ಮಿಣುಕುತ್ತಿದ್ದ ಚುಕ್ಕೆ ಹಾಗೇ ನಿಂತುಬಿಟ್ಟಿತು. ಹೊರಗೆ ಬಂದು ಬಾಗಿಲು ಎಳೆದುಕೊಂಡ ಮೇಲೆ ಬೀಗದ ಕೈ ಒಳಗೇ ಉಳಿದದ್ದು ನೆನಪಾಗುತ್ತದಲ್ಲ, ಥೇಟ್ ಹಾಗೆ. ಈ ಕೆಲಸ ಮಾಡುವವರೆಲ್ಲ ಒಮ್ಮೆಯಾದರೂ ಹೀಗೆ ಮಾಡಿಕೊಂಡಿರುತ್ತಾರಂತೆ, ಆದರೆ ಆ ರಾತ್ರಿ ನನಗೆ ಅದು ಗೊತ್ತಿರಲಿಲ್ಲ.

ಇವರನ್ನು ಎಬ್ಬಿಸಿ ಸ್ಕೂಟರಿನಲ್ಲಿ ಕಾಲೇಜಿಗೆ ಹೋದೆ. ಗೇಟಿನಲ್ಲಿ ಹೊಸ ಕಾವಲುಗಾರ.

"ಏಳು ಗಂಟೆ ಮ್ಯಾಲೆ ಯಾರನ್ನೂ ಬುಡಬ್ಯಾಡ ಅಂದವ್ರೆ."

"ಅಲ್ಲಪ್ಪಾ, ಐದೂವರೆಗೆ ಇದೇ ಗೇಟಿಂದ ಹೋದೆನಲ್ಲ ನಾನು. ನೀನೇ ಇದ್ದೆ."

"ಇರಬೌದು ಕಣವ್ವ. ಏಳು ಗಂಟೆ ಮ್ಯಾಲೆ ಯಾರನ್ನೂ ಬುಡಬ್ಯಾಡ ಅಂದವ್ರೆ."

ಹತ್ತು ನಿಮಿಷ ಇದೇ ಸಂಭಾಷಣೆ. ಕೊನೆಗೆ ಹಿಂದಿನ ಶೆಡ್ಡಿನಲ್ಲಿ ಮುದ್ದೆ ಉಣ್ಣುತ್ತಿದ್ದ ಹಳೆಯ ಕಾವಲುಗಾರ ಕೈ ತೊಳೆದುಕೊಂಡು ಬಂದ. "ಏ ಬುಡ್ಲಾ, ಸಂಜೆ ಚೀಲ ಹಿಡ್ಕಂಡು ಹೋದ್ರಲ್ಲ ನಮ್ಮ ಮೇಡಮ್ಮಾರು. ಏನೋ ಮರ್ತು ಬಂದವ್ರೆ" ಎಂದ. ಗೇಟು ತೆರೆಯಿತು.

ಬೆಂಗಳೂರಿನ ತರಬೇತಿಯಲ್ಲಿ ಅರ್ಥವಾಗದ ಒಂದು ಪಾಠ ನನಗೆ ಆ ಗೇಟಿನಲ್ಲಿ ಅರ್ಥವಾಯಿತು. ಲಿನಕ್ಸಿನ ಹಳೆಯ ಕಾವಲು ಈ ಹೊಸ ಹುಡುಗನ ಹಾಗಿತ್ತು. ಪ್ರತಿ ಪ್ಯಾಕೆಟ್ಟಿನ ಮೇಲಿನ ಬರಹವನ್ನಷ್ಟೇ ನೋಡುವುದು, ಪಟ್ಟಿ ನೋಡುವುದು, ತೀರ್ಮಾನ ಮಾಡುವುದು. ಎರಡು ಕ್ಷಣದ ಹಿಂದೆ ಏನಾಯಿತೆಂಬುದು ಅದರ ತೀರ್ಮಾನಕ್ಕೆ ಬೇಕಿಲ್ಲ. ಆಸ್ಟ್ರೇಲಿಯಾದ ರಸ್ಟಿ ರಸೆಲ್ ಎಂಬವರು ನೆಟ್‌ಫಿಲ್ಟರ್ ಎಂಬ ಹೊಸ ಏರ್ಪಾಟಿಗೆ ಕೈಹಾಕಿದರು. 2001ರ ಜನವರಿಯಲ್ಲಿ ಬಂದ 2.4ನೇ ಕರ್ನಲ್ಲಿನಲ್ಲಿ ಅದು ಸೇರಿತು. ಅದರ ಜೊತೆಗೆ ಕಾವಲುಗಾರನಿಗೆ ಒಂದು ನೆನಪಿನ ಪುಸ್ತಕವೂ ಬಂತು. ಒಳಗಿನಿಂದ ಯಾರಾದರೂ ಹೊರಗಿನ ಯಾರಿಗೋ ಮಾತು ಶುರು ಮಾಡಿದರೆ ಕರ್ನಲ್ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಇಂಥ ವಿಳಾಸದಿಂದ, ಇಂಥ ವಿಳಾಸಕ್ಕೆ, ಇಂಥ ಬಾಗಿಲಿಂದ, ಇಂಥ ಬಾಗಿಲಿಗೆ ಎಂದು. ಮೊದಲ ಪ್ಯಾಕೆಟ್ ಬಂದಾಗ ಅದು "ಹೊಸದು". ಆ ಕಡೆಯಿಂದ ಉತ್ತರ ಬಂತೆಂದರೆ "ಕುದುರಿದ ಸಂಬಂಧ". ಆ ಮಾತಿಗೆ ಸಂಬಂಧಪಟ್ಟೇ ಬೇರೆ ದಾರಿಯಿಂದ ಏನಾದರೂ ಸುದ್ದಿ ಬಂದರೆ "ನೆಂಟಸ್ತಿಕೆಯದು". ತಲೆಬುಡವಿಲ್ಲದೆ ಬಂದದ್ದು "ಅಸಿಂಧು". ಇಂಗ್ಲಿಷಿನಲ್ಲಿ ನ್ಯೂ, ಎಸ್ಟ್ಯಾಬ್ಲಿಷ್ಡ್, ರಿಲೇಟೆಡ್, ಇನ್‌ವ್ಯಾಲಿಡ್ ಎನ್ನುತ್ತಾರೆ. ನನ್ನ ನೋಟ್‌ಬುಕ್ಕಿನಲ್ಲಿ ನಾನು ಕನ್ನಡದಲ್ಲೇ ಬರೆದುಕೊಂಡಿದ್ದೆ.

ಆದ್ದರಿಂದ ಪಟ್ಟಿಯ ತುತ್ತತುದಿಯಲ್ಲಿ ಒಂದು ಸಾಲು ಬರೆಯುವುದು ಈ ಕೆಲಸದವರ ವಾಡಿಕೆ: ಕುದುರಿದ ಸಂಬಂಧದವರನ್ನೂ ನೆಂಟಸ್ತಿಕೆಯವರನ್ನೂ ಬಿಡು. ಕೆಳಗಿನ ಕಟ್ಟುಪಾಡೆಲ್ಲ ಹೊಸಬರಿಗೆ. ಮಾತು ಶುರು ಮಾಡಿದವರನ್ನು ನಡುವೆ ಎಬ್ಬಿಸುವುದಿಲ್ಲ. ಊಟಕ್ಕೆ ಕೂರಿಸಿದ ಮೇಲೆ ಎಲೆ ಎಳೆಯುತ್ತೇವೆಯೇ?

ಆ ಪುಸ್ತಕವನ್ನು ತೆರೆದೂ ನೋಡಬಹುದು. ಮಧ್ಯಾಹ್ನ ಕ್ಲಾಸಿಲ್ಲದಾಗ ಅದರ ಮುಂದೆ ಕೂರುವುದು ನನಗೆ ಒಂದು ಚಟವೇ ಆಗಿತ್ತು. ಒಂದೊಂದು ಸಾಲಿನಲ್ಲಿ ಒಂದೊಂದು ಮಾತುಕತೆ, ಅದರ ಪಕ್ಕದಲ್ಲಿ ಇಳಿಯುತ್ತಾ ಬರುವ ಸೆಕೆಂಡುಗಳು. ಯಾವುದೋ ಹೆಸರಿನ ವಿಳಾಸ ಕೇಳಿಕೊಂಡು ಬರುವ ಚಿಲ್ಲರೆ ಪ್ರಶ್ನೆಗೆ ಉತ್ತರ ಬಾರದಿದ್ದರೆ 30 ಸೆಕೆಂಡಿಗೇ ಮರೆತುಬಿಡುತ್ತದೆ. ಆದರೆ ಕುದುರಿದ ಸಂಬಂಧ ವಿದಾಯ ಹೇಳದೆ ಸುಮ್ಮನಾದರೆ, ನಾವಾಗಿ ಬದಲಾಯಿಸದ ಹೊರತು, 4,32,000 ಸೆಕೆಂಡು ಕಾಯುತ್ತದೆ. ಭಾಗಿಸಿ ನೋಡಿ, ಐದು ದಿನ! ಪೂರಾ ಐದು ದಿನ ಹೆಸರು ಹಿಡಿದುಕೊಂಡು ಕೂತಿರುತ್ತದೆ, ಬಂದರೆ ಇರಲಿ ಎಂದು. ಯಂತ್ರಕ್ಕೆ ಇಷ್ಟು ದಾಕ್ಷಿಣ್ಯವೇ ಎಂದು ನನಗೆ ನಗು ಬರುತ್ತಿತ್ತು.

ಇನ್ನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿಬಳಸಿದ್ದು ಅದನ್ನು ಹೇಳಲು ಹಿಂಜರಿದೇ ಇರಬೇಕು.

2010ರಲ್ಲಿ ಎರಡೂ ಹಾಸ್ಟೆಲುಗಳಿಗೆ ಒಂದೊಂದು ಕಂಪ್ಯೂಟರ್ ಕೋಣೆ ಮಾಡಿದರು. ಮರುವರ್ಷ ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ತೀರ್ಮಾನವಾಯಿತು. ಹುಡುಗಿಯರ ಹಾಸ್ಟೆಲಿಗೆ ರಾತ್ರಿ ಒಂಬತ್ತರಿಂದ ಬೆಳಗಿನ ಐದರ ತನಕ ಇಂಟರ್ನೆಟ್ ಇರಕೂಡದು. "ಹುಡುಗರ ಹಾಸ್ಟೆಲಿಗೆ?" ಎಂದು ಯಾರೋ ಕೇಳಿದರು. "ಅವರಿಗೆ ನಿಲ್ಲಿಸಿ ಏನು ಪ್ರಯೋಜನ? ಹೊರಗೆ ಸೈಬರ್ ಕೆಫೆಗೆ ಹೋಗ್ತಾರೆ" ಎಂದರು ಕಾರ್ಯದರ್ಶಿಗಳು. ಎಲ್ಲರೂ ನಕ್ಕರು. ಹುಡುಗಿಯರ ಹಾಸ್ಟೆಲಿನ ಗೇಟು ಏಳಕ್ಕೇ ಮುಚ್ಚುತ್ತಿದ್ದುದರಿಂದ ಅವರಿಗೆ ಆ ಕೋಣೆ ಬಿಟ್ಟರೆ ಬೇರೆ ಗತಿಯಿರಲಿಲ್ಲ, ನಿಲ್ಲಿಸಬಾರದೆಂಬುದಕ್ಕೆ ಅದೇ ಕಾರಣ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಲಿಲ್ಲ. ಆ ಸಭೆಯಲ್ಲಿ ವಾರ್ಡನ್ ಬಿಟ್ಟರೆ ಹೆಂಗಸೆಂದು ಇದ್ದವಳು ನಾನೊಬ್ಬಳೇ. ನಾನು ಅಲ್ಲಿ ಇದ್ದದ್ದು ಸಾಲು ಬರೆಯುವುದಕ್ಕೆ ಮಾತ್ರ ಎಂದುಕೊಂಡೆ.

ಸಾಲು ಬರೆದೆ. ಹುಡುಗಿಯರ ಹಾಸ್ಟೆಲಿನ ವಿಳಾಸಗಳಿಂದ ಬಂದದ್ದು, 21 ಗಂಟೆಯಿಂದ 5 ಗಂಟೆಯವರೆಗೆ, ಬಿಸಾಡು. ಮಾರನೆಯ ಬೆಳಿಗ್ಗೆ ಎಂಟಕ್ಕೇ ವಾರ್ಡನ್ ಫೋನು. "ಏನ್ ಮೇಡಂ ಇದು, ರಾತ್ರಿ ಎರಡೂವರೆ ತನಕ ನೆಟ್ ಇತ್ತಂತೆ, ಹುಡುಗೀರು ನಿದ್ದೇನೇ ಮಾಡಿಲ್ಲ. ಈಗ ನೋಡಿದ್ರೆ ಇಲ್ಲ!" ತಲೆ ಕೆರೆದುಕೊಂಡು ಪುಸ್ತಕ ತೆರೆದೆ. ಕರ್ನಲ್ಲಿನ ಈ ಗಡಿಯಾರದ ನಿಯಮ ನೋಡುವುದು ಗ್ರೀನಿಚ್ ಲೆಕ್ಕದ ಕಾಲ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನನ್ನ ಒಂಬತ್ತು ಗಂಟೆ ಜಾರಿಗೆ ಬಂದದ್ದು ಎರಡೂವರೆಗೆ, ತೆರೆಯುವುದು ಬೆಳಿಗ್ಗೆ ಹತ್ತೂವರೆಗೆ. ನಮ್ಮ ರಾತ್ರಿ ಒಂಬತ್ತು ಅದಕ್ಕೆ ಮಧ್ಯಾಹ್ನ ಮೂರೂವರೆ! 15:30ರಿಂದ 23:30 ಎಂದು ತಿದ್ದಿದೆ. ಒಂದು ರಾತ್ರಿಯ ಮಟ್ಟಿಗೆ ಆ ಹುಡುಗಿಯರು ನನ್ನನ್ನು ಹರಸಿರಬೇಕು.

ಆಮೇಲೂ ಹುಡುಗಿಯರು ದಾರಿ ಕಂಡುಕೊಂಡರು. ನನ್ನ ಪಟ್ಟಿಯ ತುದಿಯಲ್ಲಿ ಕುದುರಿದ ಸಂಬಂಧದವರನ್ನು ಬಿಡು ಎಂಬ ಸಾಲು ಇತ್ತಷ್ಟೆ. ಒಂಬತ್ತು ಗಂಟೆಯ ಸಾಲು ಇದ್ದದ್ದು ಅದರ ಕೆಳಗೆ. ಅಂದರೆ ಒಂಬತ್ತಾದ ಮೇಲೆ ಹೊಸ ಮಾತು ಶುರು ಮಾಡುವ ಹಾಗಿಲ್ಲ, ಒಂಬತ್ತಕ್ಕೆ ಮುಂಚೆ ಶುರುವಾದದ್ದು ಮುಗಿಯುವ ತನಕ ನಡೆಯುತ್ತದೆ. ಕರ್ನಲ್ ಎಂದರೆ ಏನೆಂದು ತಿಳಿಯದ ಹುಡುಗಿಯರು ಎರಡೇ ವಾರದಲ್ಲಿ ಈ ನಿಯಮವನ್ನು ತಾವಾಗಿ ಪತ್ತೆಮಾಡಿಬಿಟ್ಟಿದ್ದರು! "ಒಂಬತ್ತಕ್ಕೆ ಐದು ನಿಮಿಷ ಇರೋವಾಗ ಶುರು ಮಾಡಿದ್ರೆ ಕಟ್ ಆಗಲ್ಲ" ಎಂಬುದು ಹಾಸ್ಟೆಲಿನಲ್ಲಿ ಬಾಯಿಂದ ಬಾಯಿಗೆ ಹಬ್ಬಿತ್ತು. ಎಂಟೂ ಐವತ್ತೈದಕ್ಕೆ ಶುರುವಾದ ಸಿನಿಮಾ ಬೆಳಗಿನ ಜಾವದ ತನಕ ಇಳಿಯುತ್ತಿತ್ತು. ನನಗೆ ಒಳಗೊಳಗೇ ಖುಷಿ. ನನ್ನ ಮಾತಿಲ್ಲದ ಬಾಯಿಯ ಬದಲು ಆ ಮೇಲಿನ ಸಾಲು ಅವರ ಪರವಾಗಿ ಮಾತಾಡುತ್ತಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಒಂದು ರಾತ್ರಿ ಹನ್ನೊಂದಕ್ಕೆ ವಾರ್ಡನ್ ಆ ಕೋಣೆಯ ಬಾಗಿಲು ತೆರೆದಾಗ ಆರು ಹುಡುಗಿಯರು ಒಂದೇ ಕಂಪ್ಯೂಟರಿನ ಮುಂದೆ ಕೂತಿದ್ದರಂತೆ. ಮಾರನೆಯ ದಿನ ಮಧ್ಯಾಹ್ನ ಕಾರ್ಯದರ್ಶಿಗಳು ಕರೆಸಿದರು. "ಒಂಬತ್ತು ಅಂದ್ರೆ ಒಂಬತ್ತು. ಅದನ್ನ ಮಾಡೋಕೆ ಬರುತ್ತೋ ಇಲ್ವೋ?" ಬರುತ್ತದೆ. ಮಹಾ ಸುಲಭ. ಒಂಬತ್ತು ಗಂಟೆಯ ಸಾಲನ್ನು ಎತ್ತಿ ಎಲ್ಲಕ್ಕಿಂತ ಮೇಲೆ ಇಟ್ಟರಾಯಿತು. ನೆನಪಿನ ಪುಸ್ತಕ ಹಾಗೇ ಇರುತ್ತದೆ, ಹೆಸರುಗಳೂ ಇರುತ್ತವೆ, ಆದರೆ ಅದನ್ನು ಕೇಳುವ ಸಾಲಿನ ತನಕ ಯಾರೂ ತಲುಪುವುದಿಲ್ಲ. ಸಂಜೆ ನಾಲ್ಕೂವರೆಗೆ ಹಾಗೆ ಮಾಡಿದೆ. ಅರ್ಧ ನಿಮಿಷದ ಕೆಲಸ. ಕರ್ನಲ್ ಏನನ್ನೂ ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಚುಕ್ಕೆ ಮತ್ತೆ ಮಿಣುಕಿತು, ಅಷ್ಟೇ. ಹುಡುಗಿಯರಿಗೆ ತಿಳಿಸಬೇಕೆಂದು ನನಗೂ ಹೊಳೆಯಲಿಲ್ಲ, ವಾರ್ಡನ್ ಅವರಿಗೂ ಹೊಳೆಯಲಿಲ್ಲ. ಅವರ ಮೇಲೆ ಸಿಟ್ಟಿದ್ದಾಗ ತಿಳಿಸುವುದು ಯಾರಿಗೆ ಬೇಕು?

ಅಂದು ರಾತ್ರಿ ಹನ್ನೆರಡಕ್ಕೆ ಒಂದು ಅರ್ಜಿಯ ಗಡುವು ಮುಗಿಯುವುದಿತ್ತು. ದೊಡ್ಡ ವಿಜ್ಞಾನ ಸಂಸ್ಥೆಗಳಲ್ಲಿ ಎಂ.ಎಸ್ಸಿ. ಓದಲು ಬರೆಯುವ ಅಖಿಲ ಭಾರತ ಪರೀಕ್ಷೆಯದು. ನಮ್ಮ ಕಾಲೇಜಿನಲ್ಲಿ ಅದಕ್ಕೆ ಅರ್ಜಿ ಹಾಕಿದವಳು ಒಬ್ಬಳೇ. ಅವಳ ಹೆಸರು ಇಲ್ಲಿ ಬೇಡ. ಕಾಫಿ ತೋಟದಲ್ಲಿ ಕೂಲಿ ಮಾಡುವವರ ಮಗಳು. ನನ್ನ ಕ್ಲಾಸಿನಲ್ಲಿ ಎರಡನೆಯ ಬೆಂಚಿನಲ್ಲಿ ಗೋಡೆಯ ಪಕ್ಕಕ್ಕೆ ಕೂರುತ್ತಿದ್ದಳು. ನಾನು ಬೋರ್ಡಿನ ಮೇಲೆ ತಪ್ಪು ಬರೆದರೆ ಮುಖ ನೋಡುತ್ತಿರಲಿಲ್ಲ, ತನ್ನ ಪುಸ್ತಕವನ್ನೇ ನೋಡುತ್ತಾ "ಮಿಸ್, ಮೈನಸ್ಸು" ಎನ್ನುತ್ತಿದ್ದಳು. ಪರೀಕ್ಷಾ ಶುಲ್ಕ ಬ್ಯಾಂಕಿನಲ್ಲಿ ಕಟ್ಟಿ ಆಗಿತ್ತು. ಉಳಿದದ್ದು ಮಾರ್ಕ್ಸ್ ಕಾರ್ಡುಗಳನ್ನು ಕಳಿಸುವುದು. ಅವಳಿಗೆ ಕಂಪ್ಯೂಟರ್ ಸಿಕ್ಕಿದ್ದು ಎಂಟೂವರೆಯ ಮೇಲೆ. ಹಿಂಗಾರು ಮಳೆ, ಲೈನು ಆಮೆಯ ಹಾಗೆ. ಎರಡು ಕಾರ್ಡು ಹೋದವು. ಒಂಬತ್ತಕ್ಕೆ ನಾಲ್ಕು ನಿಮಿಷ ಇರುವಾಗ ಮೂರನೆಯದನ್ನು ಕಳಿಸಲು ಒತ್ತಿದಳು. ಒಂಬತ್ತಕ್ಕೆ ಮುಂಚೆ ಶುರು ಮಾಡಿದ್ದು ನಿಲ್ಲುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

ಒಂಬತ್ತು ಹೊಡೆಯಿತು.

ಬಿಸಾಡು ಎಂದು ನಾನು ಬರೆದದ್ದಕ್ಕೆ ಇಂಗ್ಲಿಷಿನಲ್ಲಿ ಡ್ರಾಪ್ ಎನ್ನುತ್ತಾರೆ. ಡ್ರಾಪ್ ಎಂದರೆ ಕರ್ನಲ್ ಆ ಪ್ಯಾಕೆಟನ್ನು ಸದ್ದಿಲ್ಲದೆ ಕೈಬಿಡುತ್ತದೆ. ಕಳಿಸಿದವರಿಗೆ ಬೇಡ ಎಂದೂ ಹೇಳುವುದಿಲ್ಲ, ಸಿಕ್ಕಿತು ಎಂದೂ ಹೇಳುವುದಿಲ್ಲ. ಕಳಿಸಿದ ಕಂಪ್ಯೂಟರು ಪಾಪ, ದಾರಿಯಲ್ಲಿ ಕಳೆದಿರಬೇಕೆಂದು ಮತ್ತೊಮ್ಮೆ ಕಳಿಸುತ್ತದೆ. ಉತ್ತರವಿಲ್ಲದಿದ್ದರೆ ಎರಡರಷ್ಟು ಹೊತ್ತು ಕಾದು ಮತ್ತೊಮ್ಮೆ. ಅದಕ್ಕೂ ಎರಡರಷ್ಟು ಕಾದು ಇನ್ನೊಮ್ಮೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಇನ್ನೊಂದು ಆಜ್ಞೆ ಇದೆ, ರಿಜೆಕ್ಟ್. ಅದನ್ನು ಬರೆದಿದ್ದರೆ "ಇಲ್ಲ, ಆಗುವುದಿಲ್ಲ" ಎಂಬ ಸಣ್ಣದೊಂದು ಚೀಟಿ ಆ ಕ್ಷಣವೇ ವಾಪಸು ಹೋಗುತ್ತದೆ. ಹೊರಗಿನ ಕಳ್ಳಕಾಕರಿಗೆ ಡ್ರಾಪ್ ಒಳ್ಳೆಯದು, ಮನೆಯಲ್ಲಿ ಯಾರಿದ್ದಾರೆಂಬ ಸುಳಿವು ಕೊಡಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಒಳಗಿನವರಿಗೂ ಅದನ್ನೇ ಬರೆದಿದ್ದೆ. ಆ ಹುಡುಗಿ ಹತ್ತೂವರೆಯ ತನಕ ಆ ಚಕ್ರ ನೋಡುತ್ತಾ ಕೂತಿದ್ದಳು. ನಡುನಡುವೆ ಮತ್ತೆ ಮತ್ತೆ ಒತ್ತಿದ್ದಳು. ಮಳೆಗೆ ಲೈನು ನಿಧಾನ ಎಂದುಕೊಂಡಳು. ಹತ್ತೂವರೆಗೆ ವಾರ್ಡನ್ ಬಂದು ದೀಪ ಆರಿಸಿದರು.

ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

"ಮಿಸ್, ನಿನ್ನೆ ರಾತ್ರಿ ನೆಟ್ ಹೋಗಿತ್ತಾ?"

ಏಕೆಂದು ಕೇಳಿದೆ. ಹೇಳಿದಳು. ನನಗೆ ಅರ್ಧ ಕೇಳುವಷ್ಟರಲ್ಲೇ ಕೈಕಾಲು ತಣ್ಣಗಾದವು. ಸುತ್ತ ನಾಲ್ಕೈದು ಮಂದಿ ಸಹೋದ್ಯೋಗಿಗಳು ಕಾಫಿ ಕುಡಿಯುತ್ತಿದ್ದರು.

"ಮಳೆ ಅಲ್ವೇನಮ್ಮಾ... ಲೈನು ಹೋಗಿರಬೇಕು" ಎಂದೆ.

"ಸರಿ ಮಿಸ್" ಎಂದು ಹೋದಳು.

ಮೂರು ದಿನ ನನಗೆ ಅನ್ನ ಸೇರಲಿಲ್ಲ. ಇವರು ಕೇಳಿದರು, "ನೀನು ಮಾಡಿದ್ದು ಅವರು ಹೇಳಿದ್ದನ್ನಲ್ವಾ? ನಿಂದೇನು ತಪ್ಪು?" ಹೌದು, ಹೇಳಿದ್ದು ಅವರೇ. ಆದರೆ ಸಾಲನ್ನು ಮೇಲಕ್ಕೆ ಎತ್ತಿದ ಕೈ ನನ್ನದು, ಮಳೆಯ ಮೇಲೆ ಹಾಕಿದ ಬಾಯಿಯೂ ನನ್ನದೇ. ಮಳೆಯ ಮಾತು ಯಾರು ಹೇಳಿಕೊಟ್ಟದ್ದು? ಒಬ್ಬಳೇ ಲ್ಯಾಬಿನಲ್ಲಿ ಕೂತು ಪರೀಕ್ಷೆ ಮಾಡಿಯೂ ನೋಡಿದೆ. ಒಂದು ದೊಡ್ಡ ಫೈಲು ಕಳಿಸುತ್ತಾ, ನಡುವೆ ಸಾಲನ್ನು ಮೇಲಿಟ್ಟೆ, ನಿಂತಿತು. ಕೆಳಗಿಟ್ಟೆ, ಸ್ವಲ್ಪ ಹೊತ್ತಿಗೆ ಮತ್ತೆ ನಡೆಯಿತು. ಹಳೆಯ ಕ್ರಮದಲ್ಲಿದ್ದಿದ್ದರೆ ಅವಳ ಮೂರನೆಯ ಕಾರ್ಡು ಹೋಗುತ್ತಿತ್ತು. ಅದಾದ ಮೇಲಿನ ಕೊನೆಯ ಪುಟ ಬೇರೆ ಮಾತಾಗಿ ಶುರುವಾಗಿದ್ದರೆ ಅದು "ಹೊಸದು" ಎನ್ನಿಸಿಕೊಂಡು ಅಲ್ಲಿ ತಡೆಯಾಗುತ್ತಿತ್ತೇನೋ. ಕರ್ನಲ್ಲಿಗೆ ಗೊತ್ತಿರುವುದು ಸಂಪರ್ಕಗಳು, ಹುಡುಗಿಯೊಬ್ಬಳು ಒಂದೇ ಕೆಲಸದ ನಡುವೆ ಇದ್ದಾಳೆ ಎಂಬುದಲ್ಲ. ಅದನ್ನು ತಿಳಿಯಬೇಕಾದವಳು ನಾನಾಗಿದ್ದೆ.

ನಾಲ್ಕನೆಯ ದಿನ ಅವಳನ್ನು ಲ್ಯಾಬಿಗೆ ಕರೆದು ಹೇಳಿದೆ. ಎಲ್ಲವನ್ನೂ, ಪರದೆಯ ಮೇಲೆ ಸಾಲು ತೋರಿಸಿಯೇ ಹೇಳಿದೆ. ಅಳುತ್ತಾಳೆ, ಬೈಯುತ್ತಾಳೆ ಎಂದೆಲ್ಲ ಸಿದ್ಧಳಾಗಿದ್ದೆ. ಅವಳು ಪರದೆಯನ್ನೇ ನೋಡುತ್ತಿದ್ದಳು, ಬೋರ್ಡಿನ ಮೇಲೆ ನಾನು ತಪ್ಪು ಬರೆದಾಗ ಪುಸ್ತಕ ನೋಡುತ್ತಿದ್ದ ಹಾಗೆ.

"ಮಿಸ್, ಇದು ಇಲ್ಲ ಅಂತ ಹೇಳಬಹುದಿತ್ತಲ್ವಾ?" ಎಂದಳು. "ಒಂಬತ್ತಕ್ಕೇ ಇಲ್ಲ ಅಂದಿದ್ರೆ, ವಾರ್ಡನ್ ಕಾಲಿಗೆ ಬಿದ್ದಾದ್ರೂ ಆಫೀಸಿಗೆ ಹೋಗ್ತಿದ್ದೆ. ಮೂರು ಗಂಟೆ ಇತ್ತು ಮಿಸ್."

ನನ್ನ ಹತ್ತಿರ ಉತ್ತರವಿರಲಿಲ್ಲ. ರಿಜೆಕ್ಟ್ ಎಂಬುದೊಂದು ಇದೆ ಎಂದು ಹೇಳಿದೆ. ಹೇಗೆ ಬರೆಯುವುದೆಂದು ಕೇಳಿದಳು. ತೋರಿಸಿದೆ. ನನ್ನ ಕೀಲಿಮಣೆ ಎಳೆದುಕೊಂಡು ತಾನೇ ಒತ್ತಿದಳು.

ಅಂದೇ ಕಾರ್ಯದರ್ಶಿಗಳ ಬಳಿ ಹೋದೆ. ಆದದ್ದನ್ನು ಹೇಳಿದೆ, ಹುಡುಗರಿಗಿಲ್ಲದ ನಿಯಮ ಹುಡುಗಿಯರಿಗೆ ಏಕೆ ಎಂಬುದನ್ನೂ ಈ ಸಲ ಕೇಳಿದೆ. "ಬರೆದು ಕೊಡಿ, ಸಭೆಯಲ್ಲಿಡೋಣ" ಎಂದರು. ಬರೆದು ಕೊಟ್ಟೆ. ಆ ಸಭೆಯಲ್ಲಿ ಬರಲಿಲ್ಲ, ಮುಂದಿನದರಲ್ಲೂ ಬರಲಿಲ್ಲ. ನಾನು ಕಾಯಲಿಲ್ಲ. ಕುದುರಿದ ಸಂಬಂಧದ ಸಾಲನ್ನು ಮತ್ತೆ ಮೇಲಿಟ್ಟು, ಒಂಬತ್ತು ಗಂಟೆಯ ಸಾಲನ್ನು ಕೆಳಗಿಟ್ಟು, ಹಾಸ್ಟೆಲಿನ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಕಾಗದ ಅಂಟಿಸಿದೆ: ಒಂಬತ್ತಕ್ಕೆ ಮುಂಚೆ ಶುರು ಮಾಡಿದ್ದು ನಿಲ್ಲುವುದಿಲ್ಲ, ಆಮೇಲೆ ಶುರು ಮಾಡಿದರೆ ಆಗುವುದಿಲ್ಲ, ಅರ್ಜಿ ತುಂಬುವುದಿದ್ದರೆ ನನಗೆ ಫೋನ್ ಮಾಡಿ. ಕೆಳಗೆ ಮನೆಯ ನಂಬರು. ಕಾರ್ಯದರ್ಶಿಗಳು ನೋಡಿದರೋ ಇಲ್ಲವೋ ಕಾಣೆ, ಕೇಳಲಿಲ್ಲ. ಫೋನುಗಳು ಬಂದವು. ಕೆಲವು ಸಲ ರಾತ್ರಿ ಹನ್ನೊಂದಕ್ಕೂ ಬಂದವು. ಇವರು ಗೊಣಗಿದರು, ಇರಲಿ.

ಎರಡು ವರ್ಷದ ಮೇಲೆ ಹುಡುಗಿಯರೇ ಸಹಿ ಹಾಕಿ ಮನವಿ ಕೊಟ್ಟು ಎರಡೂ ಹಾಸ್ಟೆಲಿಗೆ ಹನ್ನೊಂದು ಗಂಟೆ ಎಂದು ಮಾಡಿಸಿಕೊಂಡರು. ನನ್ನ ಕಾಗದಕ್ಕೆ ಸಿಗದ ಉತ್ತರ ಅವರ ಕಾಗದಕ್ಕೆ ಸಿಕ್ಕಿತು. 2016ರಲ್ಲಿ ಜಿಯೋ ಬಂದ ಮೇಲಂತೂ ಎಲ್ಲರ ಕೈಯಲ್ಲೂ ಅಗ್ಗದ ಇಂಟರ್ನೆಟ್ಟು, ಆ ಕೋಣೆಯಲ್ಲಿ ಜೇಡ ಬಲೆ ಕಟ್ಟಿತು.

ಆ ಹುಡುಗಿಯ ಒಂದು ವರ್ಷ ಹೋಯಿತು. ಅದನ್ನು ನಾನು ಏನು ಮಾಡಿಯೂ ಮರಳಿಸುವಂತಿರಲಿಲ್ಲ. ಅವಳ ಅಪ್ಪನಿಗೆ ಹೇಳಲು ನಾನೇ ಹೋದೆ. ಅವರು ತೋಟದ ಲೈನಿನ ಮನೆಯ ಮುಂದೆ ಕುರ್ಚಿ ಹಾಕಿ ಕೂರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿ, "ನೀವು ದೊಡ್ಡೋರು, ಇಷ್ಟ್ ದೂರ ಬಂದ್ರಲ್ಲ" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಡಿಗ್ರಿ ಮುಗಿದ ಮೇಲೆ ಮದುವೆಯ ಮಾತು ಬಂದಿತ್ತಂತೆ, ಒಂದು ವರ್ಷ ತಡೆದರು. ಆ ವರ್ಷ ಅವಳು ನಮ್ಮ ಲ್ಯಾಬಿನಲ್ಲೇ ಸಹಾಯಕಿಯಾಗಿ ಕೆಲಸ ಮಾಡಿದಳು. ಗಡುವಿಗೆ ಹತ್ತು ದಿನ ಮುಂಚೆ, ಹಗಲು ಹನ್ನೊಂದು ಗಂಟೆಗೆ, ನನ್ನ ಪಕ್ಕದಲ್ಲಿ ಕೂತು ಅರ್ಜಿ ಕಳಿಸಿದಳು. ಆ ಪರೀಕ್ಷೆಯಲ್ಲಿ ಬೇಕಾದ ಜಾಗ ಸಿಗಲಿಲ್ಲ. ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಿದಳು, ಈಗ ಪಾಠ ಹೇಳುತ್ತಾಳೆ. ದೀಪಾವಳಿಗೊಮ್ಮೆ ಫೋನ್ ಮಾಡುತ್ತಾಳೆ. ಆ ರಾತ್ರಿಯ ಮಾತನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ನಾನು ನಿವೃತ್ತಳಾದದ್ದು 2018ರಲ್ಲಿ. ಪೆಟ್ಟಿಗೆಯ ಕೀಲಿಯನ್ನು ಕಂಪ್ಯೂಟರ್ ವಿಭಾಗಕ್ಕೆ ಬಂದ ಚಿಕ್ಕ ವಯಸ್ಸಿನ ಉಪನ್ಯಾಸಕರೊಬ್ಬರಿಗೆ ಒಪ್ಪಿಸಿದೆ. ಅವರು ನನ್ನ ಹಳೆಯ ಪಟ್ಟಿಯನ್ನೆಲ್ಲ 2014ರಲ್ಲಿ ಬಂದ ಎನ್‌ಎಫ್ ಟೇಬಲ್ಸ್ ಎಂಬ ಹೊಸ ಏರ್ಪಾಟಿಗೆ ಬದಲಾಯಿಸುವುದಾಗಿ ಹೇಳಿದ್ದರು. ಒಂದು ಮಧ್ಯಾಹ್ನ ಫೋನು ಬಂತು.

"ಮೇಡಂ, ಎಸ್ಟ್ಯಾಬ್ಲಿಷ್ಡ್ ಸಾಲಿನ ಪಕ್ಕದಲ್ಲಿ ಒಂದು ತಾರೀಕು ಬರೆದಿದ್ದೀರಿ. 2011ನೇ ಇಸವಿ. ಅವತ್ತು ಈ ಸಾಲು ಸೇರಿಸಿದ್ದಾ?"

"ಸೇರಿಸಿದ್ದಲ್ಲ. ಅವತ್ತು ಕೆಳಗೆ ಇಟ್ಟಿದ್ದೆ" ಎಂದೆ. "ನೀವು ಮೇಲೇ ಇಡಿ."

"ಅದು ಯಾವಾಗಲೂ ಮೇಲೇ ಇರುತ್ತಲ್ವಾ ಮೇಡಂ?" ಎಂದರು ಅವರು, ಸ್ವಲ್ಪ ಆಶ್ಚರ್ಯದಿಂದ.